ಬೆಂಗಳೂರಿನ ಆಧುನಿಕ ಕಲಾ ದಾಖಲೆಗಳ ಸಂರಕ್ಷಣೆ

ಬೆಂಗಳೂರಿನ ಆಧುನಿಕ ಕಲಾ ದಾಖಲೆಗಳ ಸಂರಕ್ಷಣೆ ಎಂದರೆ ನಗರದ ಕಲಾವಿದರು, ಕಲಾ ಗ್ಯಾಲರಿಗಳು ಮತ್ತು ಕಲಾಕೃತಿಗಳ ವ್ಯಾಪಾರಿಗಳು ತಮ್ಮ ಕೆಲಸದ ನಡುವೆ ಸೃಷ್ಟಿಸಿದ ಪತ್ರ, ಲೆಕ್ಕಪುಸ್ತಕ, ಛಾಯಾಚಿತ್ರ, ಕ್ಯಾಟಲಾಗ್, ಧ್ವನಿಮುದ್ರಣ ಹಾಗೂ ಗಣಕೀಯ ಕಡತಗಳನ್ನು ಸಂಗ್ರಹಿಸಿ, ಪಟ್ಟಿ ಮಾಡಿ, ಕಾಪಾಡಿ, ಅಧ್ಯಯನಕ್ಕೆ ಒದಗಿಸುವ ಕಾರ್ಯ. ಇದು ಕಲಾಕೃತಿಗಳ ಸಂರಕ್ಷಣೆಯಿಂದ ಭಿನ್ನವಾದ ಕ್ಷೇತ್ರ. ಒಂದು ಕೃತಿ ಯಾವಾಗ ರಚಿತವಾಯಿತು, ಎಲ್ಲಿ ಪ್ರದರ್ಶನಗೊಂಡಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೆ ಸಾಕ್ಷಿಯಾಗುವ ಕಾಗದಪತ್ರಗಳು ಇದರ ವಸ್ತು.

ಬೆಂಗಳೂರಿನ ಆಧುನಿಕ ಕಲಾಕೃತಿಗಳಿಗೆ ವೆಂಕಟಪ್ಪ ಕಲಾ ಗ್ಯಾಲರಿ, ಕರ್ನಾಟಕ ಚಿತ್ರಕಲಾ ಪರಿಷತ್ತು, ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಮೊದಲಾದ ಕಡೆಗಳಲ್ಲಿ ನೆಲೆ ದೊರೆತಿದೆ. ಆ ಕೃತಿಗಳಿಗೆ ಸಂಬಂಧಿಸಿದ ದಾಖಲೆಗಳ ಬಹುಭಾಗ ಮಾತ್ರ ಕಲಾವಿದರ ಮನೆಗಳಲ್ಲಿ, ಗ್ಯಾಲರಿಗಳ ಕಪಾಟುಗಳಲ್ಲಿ ಮತ್ತು ಸಂಗ್ರಾಹಕರ ಕಡತಗಳಲ್ಲಿ ಚದುರಿಹೋಗಿದೆ. ನೂರು ವರ್ಷ ದಾಟಿದ ಪುರಾವಸ್ತುಗಳ ವ್ಯಾಪಾರಿಯು ದಾಖಲೆ ಇಡಬೇಕೆಂದು ಭಾರತದ ಕಾನೂನು ವಿಧಿಸುತ್ತದೆ. ಆಧುನಿಕ ಕಲೆಯ ವ್ಯಾಪಾರಿಗೆ ಅಂತಹ ಕಟ್ಟುಪಾಡು ಇಲ್ಲದಿರುವುದರಿಂದ, ಈ ದಾಖಲೆಗಳ ಉಳಿವು ಬಹುಮಟ್ಟಿಗೆ ವ್ಯಕ್ತಿಗಳ ಮತ್ತು ಕುಟುಂಬಗಳ ಆಸಕ್ತಿಯನ್ನೇ ಅವಲಂಬಿಸಿದೆ.

## ಹಿನ್ನೆಲೆ

### ದಂಡು ಮತ್ತು ಪೇಟೆ

ಬೆಂಗಳೂರಿನ ಕಲಾ ದಾಖಲೆಗಳು ಚದುರಿರುವುದಕ್ಕೆ ನಗರದ ಆಡಳಿತ ಚರಿತ್ರೆಯೂ ಒಂದು ಕಾರಣ. 19ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷರು ಹಲಸೂರಿನ ಸುತ್ತಮುತ್ತ ಸೇನಾ ನೆಲೆಯನ್ನು ಸ್ಥಾಪಿಸಿದರು. ಇದೇ ಮುಂದೆ ದಂಡು ಪ್ರದೇಶವೆಂದು ಹೆಸರಾಯಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ದಂಡು ಪ್ರದೇಶವು 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿಯೇ ಉಳಿಯಿತು. 1947ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಮರಳಿತು. 1949ರಲ್ಲಿ ಪೇಟೆ ಮತ್ತು ದಂಡು ಒಂದೇ ನಗರಪಾಲಿಕೆಯ ಅಡಿಯಲ್ಲಿ ಸೇರಿದವು.

ಎರಡೂ ಭಾಗಗಳಲ್ಲಿ ಕಲೆಯ ವ್ಯವಹಾರ ಬೇರೆಬೇರೆಯಾಗಿ ಬೆಳೆಯಿತು. ಪೇಟೆಯ ಕಡೆಯ ಕಲಾವಿದರ ಸಂಬಂಧ ಮೈಸೂರು ಅರಮನೆ, ಸರ್ಕಾರಿ ಇಲಾಖೆಗಳು ಹಾಗೂ ಕನ್ನಡ ಪತ್ರಿಕೆಗಳೊಂದಿಗೆ ಹೆಚ್ಚಾಗಿತ್ತು. ಅ. ನ. ಸುಬ್ಬರಾಯರು 1919ರಲ್ಲಿ ಸ್ಥಾಪಿಸಿದ ಕಲಾಮಂದಿರವು ಈ ಪರಂಪರೆಯ ಆರಂಭಿಕ ಖಾಸಗಿ ಕಲಾಶಾಲೆಗಳಲ್ಲಿ ಒಂದು. ದಂಡಿನ ಕಡೆ ಸೌತ್ ಪೆರೇಡ್ (ಇಂದಿನ ಮಹಾತ್ಮ ಗಾಂಧಿ ರಸ್ತೆ) ಮತ್ತು ಅದರ ಅಡ್ಡರಸ್ತೆಗಳಲ್ಲಿ ಛಾಯಾಚಿತ್ರ ಸ್ಟುಡಿಯೋಗಳು, ಪುಸ್ತಕದಂಗಡಿಗಳು ಮತ್ತು ಹಳೆಯ ವಸ್ತುಗಳ ಮಳಿಗೆಗಳು ನೆಲೆಗೊಂಡವು. ಶಿವಾಜಿನಗರ ಮತ್ತು ಹಲಸೂರಿನ ವ್ಯಾಪಾರದಲ್ಲಿ ಕನ್ನಡದೊಂದಿಗೆ ತಮಿಳು, ಉರ್ದು ಮತ್ತು ಇಂಗ್ಲಿಷ್ ಬಳಕೆಯಲ್ಲಿದ್ದವು. ಆದ್ದರಿಂದ ನಗರದ ಕಲಾ ಇತಿಹಾಸವನ್ನು ಬರೆಯುವವರು ಹಲವು ಭಾಷೆಗಳ ಕಾಗದಪತ್ರಗಳನ್ನು ಓದಬೇಕಾಗುತ್ತದೆ.

### ಪ್ರದರ್ಶನ ಸ್ಥಳಗಳು ಮತ್ತು ಖಾಸಗಿ ಗ್ಯಾಲರಿಗಳು

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಬೆಂಗಳೂರಿನ ಕಲಾ ಪ್ರದರ್ಶನಗಳಿಗೆ ಸಾರ್ವಜನಿಕ ಸಂಸ್ಥೆಗಳು ಮತ್ತು ವಿದೇಶಿ ಸಾಂಸ್ಕೃತಿಕ ಕೇಂದ್ರಗಳು ಆಶ್ರಯ ನೀಡಿದವು. ಇವುಗಳಲ್ಲಿ ವಸಂತನಗರದ ಆಲಿಯಾನ್ಸ್ ಫ್ರಾನ್ಸೇಸ್ ಹಾಗೂ ಮೊದಲು ಲ್ಯಾವೆಲ್ಲೆ ರಸ್ತೆಯಲ್ಲಿದ್ದು ಅನಂತರ ಇಂದಿರಾನಗರದ ಸಿ. ಎಂ. ಎಚ್. ರಸ್ತೆಗೆ ಸ್ಥಳಾಂತರಗೊಂಡ ಮ್ಯಾಕ್ಸ್ ಮ್ಯೂಲರ್ ಭವನ (ಗೋಯಥೆ ಇನ್‌ಸ್ಟಿಟ್ಯೂಟ್) ಮುಖ್ಯವಾದವು.

ಖಾಸಗಿ ಗ್ಯಾಲರಿಗಳ ಸಂಖ್ಯೆ 20ನೇ ಶತಮಾನದ ಕೊನೆಯಲ್ಲಿ ಹೆಚ್ಚಿತು. 1984ರಲ್ಲಿ ಚೆನ್ನೈನಲ್ಲಿ ಆರಂಭವಾದ ಸಾಕ್ಷಿ ಗ್ಯಾಲರಿ ಬೆಂಗಳೂರಿನಲ್ಲಿಯೂ ಮುಂಬಯಿಯಲ್ಲಿಯೂ ಕಾರ್ಯ ನಡೆಸಿತು. ಗ್ಯಾಲರಿ ಸುಮುಖ 1996ರಲ್ಲಿ, ಗ್ಯಾಲರಿ ಸ್ಕೆ 2003ರಲ್ಲಿ, ಇನ್‌ಫೆಂಟ್ರಿ ರಸ್ತೆಯ ಕಿಂಕಿಣಿ ಗ್ಯಾಲರಿ 2004ರಲ್ಲಿ ಆರಂಭವಾದವು. ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ಅವರು ಶಾಂತಿನಗರದಲ್ಲಿ 2003ರಲ್ಲಿ ಸ್ಥಾಪಿಸಿದ '1 ಶಾಂತಿರೋಡ್' ಕಲಾವಿದರೇ ನಡೆಸುವ ತಾಣವಾಗಿ ಬೆಳೆಯಿತು. 2009ರಲ್ಲಿ ಆರಂಭಗೊಂಡ 'ಸಮೂಹ'ದಂತಹ ಪ್ರಯೋಗಗಳನ್ನು ನಿರ್ದಿಷ್ಟ ಅವಧಿಗೆಂದೇ ರೂಪಿಸಲಾಗಿತ್ತು.

ಒಂದು ಗ್ಯಾಲರಿ ಊರು ಬದಲಿಸಿದಾಗ ಅದರ ಕಡತಗಳೂ ಊರು ಬದಲಿಸುತ್ತವೆ. ಅಲ್ಪಾವಧಿಯ ತಾಣ ಮುಚ್ಚಿದಾಗ ಅದರ ಕಡತಗಳು ಸಂಘಟಕರ ವೈಯಕ್ತಿಕ ಗಣಕಗಳಲ್ಲಿ ಹಂಚಿಹೋಗುತ್ತವೆ. ಹೀಗಾಗಿ ಬೆಂಗಳೂರಿನ ಒಂದು ಪ್ರದರ್ಶನದ ದಾಖಲೆ ಬೆಂಗಳೂರಿನಲ್ಲಿಯೇ ಇರಬೇಕೆಂದಿಲ್ಲ.

## ದಾಖಲೆಗಳ ಬಗೆಗಳು

ಆಧುನಿಕ ಕಲೆಗೆ ಸಂಬಂಧಿಸಿದ ದಾಖಲೆಗಳನ್ನು ಅವುಗಳನ್ನು ಸೃಷ್ಟಿಸಿದವರ ಆಧಾರದ ಮೇಲೆ ಹೀಗೆ ವಿಂಗಡಿಸಬಹುದು:

- ಕಲಾವಿದರ ದಾಖಲೆಗಳು: ದಿನಚರಿ, ಕರಡು ರೇಖಾಚಿತ್ರಗಳ ಪುಸ್ತಕ, ಪತ್ರವ್ಯವಹಾರ, ಬಣ್ಣ ಮತ್ತು ಕ್ಯಾನ್ವಾಸ್ ಖರೀದಿಯ ರಸೀದಿ, ಕೃತಿಗಳ ಛಾಯಾಚಿತ್ರ ಹಾಗೂ ಸ್ಲೈಡು, ಪತ್ರಿಕಾ ತುಣುಕು, ಮಾರಾಟದ ಟಿಪ್ಪಣಿ.
- ಗ್ಯಾಲರಿಗಳ ದಾಖಲೆಗಳು: ಪ್ರದರ್ಶನದ ಆಹ್ವಾನಪತ್ರ, ಕ್ಯಾಟಲಾಗ್, ಬೆಲೆಪಟ್ಟಿ, ಕೃತಿಗಳನ್ನು ತೂಗುಹಾಕಿದ ಕ್ರಮವನ್ನು ತೋರಿಸುವ ಚಿತ್ರಗಳು, ಸಂದರ್ಶಕರ ಅಭಿಪ್ರಾಯ ಪುಸ್ತಕ, ಕಲಾವಿದರೊಂದಿಗಿನ ಕರಾರು, ವಿಮಾ ಮತ್ತು ಸಾಗಣೆ ಪತ್ರಗಳು.
- ವ್ಯಾಪಾರಿಗಳ ದಾಖಲೆಗಳು: ದಾಸ್ತಾನು ಪುಸ್ತಕ, ಖರೀದಿ ಮತ್ತು ಮಾರಾಟದ ಬಿಲ್ಲು, ಗ್ರಾಹಕರ ಪಟ್ಟಿ, ಕೃತಿಯ ನೈಜತೆಯ ದೃಢೀಕರಣ ಪತ್ರ.
- ಪೂರಕ ದಾಖಲೆಗಳು: ಚೌಕಟ್ಟು ಕಟ್ಟುವವರ ಬಿಲ್ಲು, ಮುದ್ರಣಾಲಯದ ಮಾದರಿ ಪ್ರತಿ, ಕೃತಿಗಳ ಛಾಯಾಚಿತ್ರ ತೆಗೆದ ಸ್ಟುಡಿಯೋಗಳ ನೆಗೆಟಿವ್ ಮತ್ತು ಅವುಗಳ ಕ್ರಮಸಂಖ್ಯೆಯ ಪುಸ್ತಕ.

ಇವುಗಳಲ್ಲಿ ದಾಸ್ತಾನು ಪುಸ್ತಕಕ್ಕೆ ವಿಶೇಷ ಮಹತ್ವವಿದೆ. ಕೃತಿಯು ಗ್ಯಾಲರಿಗೆ ಬಂದ ದಿನಾಂಕ, ಅದಕ್ಕೆ ನೀಡಿದ ಸಂಖ್ಯೆ, ಅಳತೆ, ಮಾಧ್ಯಮ, ಬೆಲೆ ಮತ್ತು ಹೊರಹೋದ ದಿನಾಂಕ ಇದರಲ್ಲಿ ಒಂದೇ ಸಾಲಿನಲ್ಲಿ ದಾಖಲಾಗಿರುತ್ತದೆ. ಚಿತ್ರದ ಹಿಂಬದಿಯಲ್ಲಿ ಅಂಟಿಸಿದ ಚೀಟಿಯ ಸಂಖ್ಯೆಯೂ ಪುಸ್ತಕದ ಸಂಖ್ಯೆಯೂ ಹೊಂದಿಕೆಯಾದರೆ ಆ ಕೃತಿಯ ಗುರುತಿಗೆ ಬಲವಾದ ಆಧಾರ ದೊರೆಯುತ್ತದೆ. ಹಳೆಯ ಚಿತ್ರಕ್ಕೆ ಹೊಸ ಚೌಕಟ್ಟು ಹಾಕಿಸುವಾಗ ಹಿಂಬದಿಯ ಹಲಗೆಯನ್ನು ಎಸೆದರೆ ಈ ಕೊಂಡಿ ಕಡಿದುಹೋಗುತ್ತದೆ.

ಪ್ರತಿಷ್ಠಾಪನಾ ಕಲೆ ಮತ್ತು ಛಾಯಾಚಿತ್ರ ಪ್ರದರ್ಶನ ಕಲೆಯಲ್ಲಿ ದಾಖಲೆಯು ಕೃತಿಯ ಭಾಗವೇ ಆಗಿರುತ್ತದೆ. ಬೆಂಗಳೂರಿನ ಕಲಾವಿದೆ ಶೀಲಾ ಗೌಡ ಅವರು ಸೂಜಿ, ದಾರ ಮತ್ತು ಕುಂಕುಮವನ್ನು ಬಳಸಿ ರಚಿಸಿದ ಪ್ರತಿಷ್ಠಾಪನೆಯಂತಹ ಕೃತಿಯನ್ನು ಪ್ರತಿ ಬಾರಿಯೂ ಹೊಸ ಗೋಡೆ ಮತ್ತು ನೆಲಕ್ಕೆ ಹೊಂದಿಸಬೇಕಾಗುತ್ತದೆ. ಜೋಡಣೆಯ ಸೂಚನೆಗಳು ಮತ್ತು ಹಿಂದಿನ ಪ್ರದರ್ಶನಗಳ ಚಿತ್ರಗಳು ಇಲ್ಲದಿದ್ದರೆ, ವಸ್ತುಗಳೆಲ್ಲ ಉಳಿದಿದ್ದರೂ ಕೃತಿಯನ್ನು ಮತ್ತೆ ಕಟ್ಟುವುದು ಕಷ್ಟ. ಎನ್. ಪುಷ್ಪಮಾಲಾ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000 ಮತ್ತು 2004ರ ನಡುವೆ ರೂಪಿಸಿದ ದಕ್ಷಿಣ ಭಾರತದ ಸ್ತ್ರೀಯರ ಕುರಿತ ಚಿತ್ರಸರಣಿಯಲ್ಲಿ ವೇಷಭೂಷಣ, ಬಣ್ಣ ಬಳಿದ ಹಿನ್ನೆಲೆಯ ಪರದೆ ಮತ್ತು ಅನುಕರಿಸಲಾದ ಮೂಲ ಚಿತ್ರಗಳ ಸಂಗ್ರಹವೂ ಅಧ್ಯಯನಕ್ಕೆ ಮುಖ್ಯವಾಗುತ್ತವೆ.

## ಸಂಸ್ಥೆಗಳು ಮತ್ತು ಸಂಗ್ರಹಗಳು

### ವೆಂಕಟಪ್ಪ ಕಲಾ ಗ್ಯಾಲರಿ

ಕಸ್ತೂರಬಾ ರಸ್ತೆಯಲ್ಲಿ, ದಂಡು ಮತ್ತು ಪೇಟೆಯ ನಡುವಣ ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ಈ ಗ್ಯಾಲರಿಯನ್ನು ಕಲಾವಿದ ಕೆ. ವೆಂಕಟಪ್ಪ (1886–1965) ಅವರ ಸ್ಮರಣೆಗಾಗಿ ಕಟ್ಟಲಾಯಿತು. ಮೈಸೂರು ಆಸ್ಥಾನದ ಚಿತ್ರಕಾರರ ಮನೆತನದಲ್ಲಿ ಹುಟ್ಟಿದ ವೆಂಕಟಪ್ಪ ಅವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದರು. ಅವರು ದಿನಚರಿ ಬರೆಯುವ ಅಭ್ಯಾಸವನ್ನು ಇಟ್ಟುಕೊಂಡಿದ್ದರು. ಇತಿಹಾಸಕಾರ್ತಿ ಜಾನಕಿ ನಾಯರ್ ಅವರು ವೆಂಕಟಪ್ಪ ಮತ್ತು ಅವರ ಸಾರ್ವಜನಿಕರ ಸಂಬಂಧವನ್ನು ಕುರಿತು 1998ರಲ್ಲಿ ಪ್ರಕಟಿಸಿದ ಪ್ರಬಂಧವು, ಕಲಾವಿದನೊಬ್ಬನ ಬದುಕಿನ ಮೂಲಕ ಆಶ್ರಯದಾತರು, ಪ್ರಭುತ್ವ ಮತ್ತು ಮಾರುಕಟ್ಟೆಯ ಸ್ವರೂಪವನ್ನು ಪರಿಶೀಲಿಸಿದ ಅಧ್ಯಯನಗಳಲ್ಲಿ ಒಂದು. ಕೆ. ಕೆ. ಹೆಬ್ಬಾರ್ (1911–1996) ಅವರ ಕೃತಿಗಳೂ ಈ ಗ್ಯಾಲರಿಯಲ್ಲಿವೆ.

ಕಡಿಮೆ ಬಾಡಿಗೆಗೆ ದೊರೆಯುತ್ತಿದ್ದ ಇಲ್ಲಿನ ಸಭಾಂಗಣಗಳಲ್ಲಿ ಹಲವು ತಲೆಮಾರುಗಳ ಕಲಾವಿದರು ತಮ್ಮ ಆರಂಭದ ಪ್ರದರ್ಶನಗಳನ್ನು ನಡೆಸಿದರು. 2016ರಲ್ಲಿ ಗ್ಯಾಲರಿಯನ್ನು ಖಾಸಗಿ ಸಹಭಾಗಿತ್ವಕ್ಕೆ ಒಪ್ಪಿಸುವ ಪ್ರಸ್ತಾವವನ್ನು ಕಲಾವಿದರು ಒಟ್ಟಾಗಿ ವಿರೋಧಿಸಿದರು. ಸಾರ್ವಜನಿಕ ತಾಣವೊಂದರ ಬಳಕೆಯನ್ನು ಕುರಿತ ಇಂತಹ ಚರ್ಚೆಗಳಲ್ಲಿ, ಅಲ್ಲಿ ಯಾರು ಯಾವಾಗ ಪ್ರದರ್ಶನ ನಡೆಸಿದರು ಎಂಬುದನ್ನು ತಿಳಿಸುವ ಆಹ್ವಾನಪತ್ರಗಳು ಮತ್ತು ಕ್ಯಾಟಲಾಗ್‌ಗಳು ಇತಿಹಾಸದ ಆಧಾರವಾಗುತ್ತವೆ.

### ಕರ್ನಾಟಕ ಚಿತ್ರಕಲಾ ಪರಿಷತ್ತು

1960ರಲ್ಲಿ ಸ್ಥಾಪನೆಯಾದ ಪರಿಷತ್ತು ಎಂ. ಎಸ್. ನಂಜುಂಡರಾವ್ ಅವರ ಮುಂದಾಳತ್ವದಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಬೆಳೆಯಿತು. ಎಚ್. ಕೆ. ಕೇಜ್ರಿವಾಲ್ ಅವರು ದಾನ ನೀಡಿದ ಸಂಗ್ರಹ ಹಾಗೂ ರೋರಿಕ್ ಕೃತಿಗಳು ಇಲ್ಲಿವೆ. ಕೃತಿಗಳ ಭೌತಿಕ ಸಂರಕ್ಷಣೆಗಾಗಿ ಇಂಟ್ಯಾಕ್ ಸಂಸ್ಥೆಯ ಸಹಯೋಗದ ಕೇಂದ್ರವೊಂದು ಪರಿಷತ್ತಿನ ಆವರಣದಲ್ಲಿ ಕಾರ್ಯನಿರ್ವಹಿಸಿದೆ.

ಪರಿಷತ್ತು 2003ರಿಂದ ನಡೆಸುತ್ತಿರುವ ಚಿತ್ರಸಂತೆಯಲ್ಲಿ ಕಲಾವಿದರು ರಸ್ತೆಬದಿಯಲ್ಲಿ ನೇರವಾಗಿ ಗ್ರಾಹಕರಿಗೆ ಕೃತಿಗಳನ್ನು ಮಾರುತ್ತಾರೆ. ಇದರಿಂದ ಕಲೆಯು ಸಾಮಾನ್ಯ ಜನರ ಮನೆಗಳನ್ನು ತಲುಪಿದೆ. ಆದರೆ ಮಧ್ಯದಲ್ಲಿ ಗ್ಯಾಲರಿ ಇಲ್ಲದಿರುವುದರಿಂದ ದಾಸ್ತಾನು ಪುಸ್ತಕವೂ ಇರುವುದಿಲ್ಲ. ಕಲಾವಿದರು ತಾವೇ ಕೃತಿಯ ಚಿತ್ರ, ಅಳತೆ, ಬೆಲೆ ಮತ್ತು ಕೊಂಡವರ ವಿವರವನ್ನು ಬರೆದಿಡದಿದ್ದರೆ ಆ ಮಾರಾಟಕ್ಕೆ ಬೇರೆ ದಾಖಲೆ ಉಳಿಯುವ ಸಾಧ್ಯತೆ ಕಡಿಮೆ.

### ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ

ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರ ಫೆಬ್ರವರಿ 18ರಂದು ಉದ್ಘಾಟನೆಯಾದ ಈ ಸಂಸ್ಥೆಯು ಕೇಂದ್ರ ಸಂಸ್ಕೃತಿ ಸಚಿವಾಲಯಕ್ಕೆ ಸೇರಿದೆ. ಇಲ್ಲಿ ನಡೆಯುವ ಪುನರಾವಲೋಕನ ಪ್ರದರ್ಶನಗಳು ದಾಖಲೆಗಳ ಅಗತ್ಯವನ್ನು ಸ್ಪಷ್ಟವಾಗಿ ತೋರಿಸುತ್ತವೆ. ಉದಾಹರಣೆಗೆ, 2018ರಲ್ಲಿ ಇಲ್ಲಿ ಎಸ್. ಜಿ. ವಾಸುದೇವ್ ಅವರ ಪುನರಾವಲೋಕನ ಪ್ರದರ್ಶನ ನಡೆಯಿತು. ಚೋಳಮಂಡಲ ಕಲಾಗ್ರಾಮದ ದಿನಗಳಿಂದ ಬೆಂಗಳೂರಿನವರೆಗೆ ಹಬ್ಬಿದ ಅವರ ಕೆಲಸದಲ್ಲಿ ಚಿತ್ರ, ತಾಮ್ರದ ಉಬ್ಬುಶಿಲ್ಪ, ನೇಯ್ಗೆ, ಪುಸ್ತಕದ ಮುಖಪುಟ ಹಾಗೂ 'ಸಂಸ್ಕಾರ' (1970) ಚಲನಚಿತ್ರದ ಕಲಾ ನಿರ್ದೇಶನವೂ ಸೇರಿವೆ. ಇಂತಹ ಕಲಾವಿದರ ಕೃತಿಗಳು ಯಾರ ಬಳಿ ಇವೆ ಎಂಬುದನ್ನು ಪತ್ತೆ ಮಾಡಲು ಗ್ಯಾಲರಿಗಳ ಲೆಕ್ಕ, ಪ್ರಕಾಶಕರ ಕಡತ ಮತ್ತು ಕುಟುಂಬದ ಸಂಗ್ರಹ ಎಲ್ಲವನ್ನೂ ಪರಿಶೀಲಿಸಬೇಕಾಗುತ್ತದೆ.

### ಕಲೆ ಮತ್ತು ಛಾಯಾಗ್ರಹಣ ವಸ್ತುಸಂಗ್ರಹಾಲಯ

ಸಂಗ್ರಾಹಕ ಅಭಿಷೇಕ್ ಪೊದ್ದಾರ್ ಅವರು ಸ್ಥಾಪಿಸಿದ ಈ ಖಾಸಗಿ ವಸ್ತುಸಂಗ್ರಹಾಲಯವು 'ಮ್ಯಾಪ್' ಎಂಬ ಸಂಕ್ಷಿಪ್ತ ಹೆಸರಿನಿಂದ ಪರಿಚಿತವಾಗಿದೆ. 2020ರ ಡಿಸೆಂಬರ್‌ನಲ್ಲಿ ಅಂತರಜಾಲದಲ್ಲಿ ಆರಂಭಗೊಂಡ ಅದರ ಕಟ್ಟಡವು ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರವರಿ 18ರಂದು ಸಾರ್ವಜನಿಕರಿಗೆ ತೆರೆಯಿತು. ಬರೋಡದ ಕಲಾವಿದ ಜ್ಯೋತಿ ಭಟ್ ಅವರ ಛಾಯಾಚಿತ್ರ ಸಂಗ್ರಹ ಇಲ್ಲಿದೆ. ಒಬ್ಬ ಕಲಾವಿದರ ಆಯ್ದ ಚಿತ್ರಗಳೊಂದಿಗೆ ನೆಗೆಟಿವ್‌ಗಳನ್ನೂ ಒಟ್ಟಾಗಿ ಇರಿಸಿಕೊಳ್ಳುವ ಈ ಕ್ರಮವು ಪತ್ರಾಗಾರದ ದೃಷ್ಟಿಗೆ ಹತ್ತಿರವಾದದ್ದು.

### ದಂಡು ಪ್ರದೇಶದ ಚಲಿಸುವ ಚಿತ್ರಗಳು

ಖಾಸಗಿ ಮನೆಯಲ್ಲಿ ಉಳಿದ ದಾಖಲೆಯಿಂದ ಕಲಾ ಇತಿಹಾಸ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಟಾಮ್ ಡಿ'ಆಗಿಯರ್ ಅವರ ಫಿಲ್ಮುಗಳು ನಿದರ್ಶನವಾಗಿವೆ. ದಂಡು ಪ್ರದೇಶದ ಆಂಗ್ಲೋ-ಇಂಡಿಯನ್ ಸಮುದಾಯಕ್ಕೆ ಸೇರಿದ ಅವರು ಹವ್ಯಾಸಿ ಚಿತ್ರಗ್ರಾಹಕರಾಗಿದ್ದರು. ಬೆಂಗಳೂರಿನ ಕಲಾವಿದೆ ಆಯಿಷಾ ಅಬ್ರಹಾಂ ಅವರು ಈ ಸಂಗ್ರಹವನ್ನು ಆಧರಿಸಿ 2005ರಲ್ಲಿ 'ಸ್ಟ್ರೇಟ್ 8' ಎಂಬ ಕಿರುಚಿತ್ರವನ್ನು ರೂಪಿಸಿದರು. ಬೆಂಗಳೂರಿನಲ್ಲಿ ಹುಟ್ಟಿ ವಿದೇಶಗಳಲ್ಲಿ ಖ್ಯಾತರಾದ ನರ್ತಕ ರಾಮ್ ಗೋಪಾಲ್ (1912–2003) ಅವರ ಕುರಿತೂ ಅಬ್ರಹಾಂ ಅವರು ಚಿತ್ರ ನಿರ್ಮಿಸಿದ್ದಾರೆ.

### ಪೂರ್ವ ಬೆಂಗಳೂರು

ನಗರದ ಪೂರ್ವ ಭಾಗದಲ್ಲಿ ಕಲಾವಿದರ ಮನೆ ಮತ್ತು ಕಾರ್ಯಾಗಾರಗಳೇ ಮುಖ್ಯ ದಾಖಲೆ ತಾಣಗಳಾಗಿವೆ. ಕೇರಳದ ಚಾವಕ್ಕಾಡಿನಿಂದ ಬಂದು ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದು, ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು ಪೂರ್ಣಾವಧಿ ಕಲಾವಿದರಾದ ಯೂಸುಫ್ ಅರಕ್ಕಲ್ (1945–2016) ಅವರು ವೈಟ್‌ಫೀಲ್ಡ್ ಕಡೆಯ ಕುಂದಲಹಳ್ಳಿಯಲ್ಲಿ ನೆಲೆಸಿದ್ದರು. ಅವರ ಕುಟುಂಬದ ಗ್ಯಾಲರಿಯೂ ಇದೇ ಭಾಗಕ್ಕೆ ಸೇರಿದೆ. ಕಾರ್ಖಾನೆಯ ಉದ್ಯೋಗ, ಸಂಜೆಯ ಕಲಾಭ್ಯಾಸ ಮತ್ತು ಸ್ವಂತ ಕಾರ್ಯಾಗಾರ ಸೇರಿದ ಇಂತಹ ಬದುಕಿನ ದಾಖಲೆಗಳು ಯಾವುದೇ ಒಂದು ಸಂಸ್ಥೆಯ ಕಡತದಲ್ಲಿ ಪೂರ್ಣವಾಗಿ ಸಿಗುವುದಿಲ್ಲ.

## ಕಾನೂನಿನ ಚೌಕಟ್ಟು

ಪುರಾವಸ್ತು ಮತ್ತು ಕಲಾ ನಿಧಿಗಳ ಅಧಿನಿಯಮ, 1972: ಈ ಕಾನೂನಿನಂತೆ ಸಾಮಾನ್ಯವಾಗಿ ನೂರು ವರ್ಷಕ್ಕೆ ಕಡಿಮೆ ಇಲ್ಲದ ವಸ್ತುಗಳು ಪುರಾವಸ್ತುಗಳಾಗುತ್ತವೆ. ಹಸ್ತಪ್ರತಿ ಮತ್ತು ಇತರ ದಾಖಲೆಗಳಿಗೆ ಈ ಮಿತಿ ಎಪ್ಪತ್ತೈದು ವರ್ಷ. ಪುರಾವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಪರವಾನಗಿ ಪಡೆದವರು ನಿಗದಿತ ದಾಖಲೆ, ಛಾಯಾಚಿತ್ರ ಮತ್ತು ವಹಿಗಳನ್ನು ಇಡಬೇಕು. ಪುರಾವಸ್ತುವಲ್ಲದ ಕಲಾಕೃತಿಯನ್ನೂ ಅದರ ಕರ್ತೃವಿನ ನಿಧನಾನಂತರ ಕೇಂದ್ರ ಸರ್ಕಾರವು 'ಕಲಾ ನಿಧಿ' ಎಂದು ಘೋಷಿಸಬಹುದು. ರಾಜಾ ರವಿವರ್ಮ, ಅಮೃತಾ ಶೇರ್‌ಗಿಲ್, ನಿಕೋಲಸ್ ರೋರಿಕ್ ಸೇರಿದಂತೆ ಒಂಬತ್ತು ಕಲಾವಿದರ ಕೃತಿಗಳು ಈ ವರ್ಗದಲ್ಲಿವೆ. ಉಳಿದ ಆಧುನಿಕ ಕಲಾಕೃತಿಗಳ ವ್ಯಾಪಾರಕ್ಕೆ ಈ ಕಾನೂನಿನ ದಾಖಲೆ ನಿಯಮಗಳು ಅನ್ವಯಿಸುವುದಿಲ್ಲ.

ತೆರಿಗೆ ಕಾನೂನು: ಸರಕು ಮತ್ತು ಸೇವಾ ತೆರಿಗೆ ಕಾನೂನಿನಂತೆ ನೋಂದಾಯಿತ ವ್ಯಾಪಾರಿಗಳು ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಉಳಿಸಿಕೊಳ್ಳಬೇಕು. ಅವಧಿ ಮುಗಿದ ಬಿಲ್ಲುಗಳು ವ್ಯಾಪಾರಿಗೆ ಹೊರೆಯಾಗಿ ಕಾಣುತ್ತವೆ. ಕಲಾ ಇತಿಹಾಸಕಾರರಿಗೆ ಅವು ಉಪಯುಕ್ತವಾಗುವುದು ಸಾಮಾನ್ಯವಾಗಿ ಆ ಅವಧಿಯ ನಂತರವೇ.

ಕೃತಿಸ್ವಾಮ್ಯ ಅಧಿನಿಯಮ, 1957: ಕಲಾಕೃತಿಯ ಮೇಲಿನ ಹಕ್ಕು ಕಲಾವಿದರ ನಿಧನದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ. ಈ ಲೆಕ್ಕದಲ್ಲಿ ವೆಂಕಟಪ್ಪ ಅವರ ಚಿತ್ರಗಳ ಕೃತಿಸ್ವಾಮ್ಯ 2025ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಕಾನೂನಿನ 53ಎ ಕಲಮಿನಂತೆ, ಮೂಲ ಚಿತ್ರ, ಶಿಲ್ಪ ಅಥವಾ ರೇಖಾಚಿತ್ರವು ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದಾಗ ಅದರ ಮೊದಲ ಹಕ್ಕುದಾರರಾಗಿದ್ದ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಪಾಲು ಸಲ್ಲಬೇಕು. ಈ ಪಾಲು ಶೇಕಡ ಹತ್ತನ್ನು ಮೀರುವಂತಿಲ್ಲ. ಮಾರಾಟದ ದಾಖಲೆ ಇಲ್ಲದಿದ್ದರೆ ಮರುಮಾರಾಟ ನಡೆದುದನ್ನು ತೋರಿಸುವುದೇ ಕಷ್ಟವಾಗುವುದರಿಂದ, ಈ ಹಕ್ಕಿನ ಬಳಕೆಗೂ ದಾಖಲೆಗಳ ಉಳಿವಿಗೂ ನೇರ ಸಂಬಂಧವಿದೆ.

ದಾಖಲೆಯ ಕಾಗದದ ಒಡೆತನ ಮತ್ತು ಅದರಲ್ಲಿನ ಬರಹದ ಕೃತಿಸ್ವಾಮ್ಯ ಬೇರೆಬೇರೆ. ಕಲಾವಿದರು ಗ್ಯಾಲರಿಗೆ ಬರೆದ ಪತ್ರ ಗ್ಯಾಲರಿಯ ವಶದಲ್ಲಿದ್ದರೂ ಅದರ ಪ್ರಕಟಣೆಯ ಹಕ್ಕು ಬರೆದವರಿಗೆ ಅಥವಾ ಅವರ ವಾರಸುದಾರರಿಗೆ ಸೇರುತ್ತದೆ.

### ರೋರಿಕ್ ಎಸ್ಟೇಟ್ ಪ್ರಕರಣ

ಚಿತ್ರಕಾರ ಸ್ವೆತೋಸ್ಲಾವ್ ರೋರಿಕ್ (1904–1993) ಮತ್ತು ನಟಿ ದೇವಿಕಾ ರಾಣಿ (1908–1994) ದಂಪತಿ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನ ಒಡೆಯರಾಗಿದ್ದರು. ಅವರ ನಿಧನದ ಸುಮಾರಿಗೆ ಎಸ್ಟೇಟಿನ ಒಡೆತನದ ಬಗ್ಗೆ ವಿವಾದಗಳು ಎದ್ದವು. ಕರ್ನಾಟಕ ಸರ್ಕಾರವು ಎಸ್ಟೇಟನ್ನು ಸ್ವಾಧೀನಪಡಿಸಿಕೊಳ್ಳಲು 1996ರಲ್ಲಿ ಪ್ರತ್ಯೇಕ ಅಧಿನಿಯಮವನ್ನು ರೂಪಿಸಿತು. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಅದನ್ನು ಎತ್ತಿಹಿಡಿಯಿತು. ಮಕ್ಕಳಿಲ್ಲದ ಕಲಾವಿದರ ಆಸ್ತಿ, ಕೃತಿ ಮತ್ತು ಕಾಗದಪತ್ರಗಳ ವಿಲೇವಾರಿಗೆ ಜೀವಿತಾವಧಿಯಲ್ಲಿಯೇ ಸ್ಪಷ್ಟ ವ್ಯವಸ್ಥೆ ಮಾಡಬೇಕಾದ ಅಗತ್ಯವನ್ನು ಚರ್ಚಿಸುವಾಗ ಈ ಪ್ರಕರಣವನ್ನು ಉಲ್ಲೇಖಿಸಬಹುದು.

## ದಾಖಲೆಗಳು ನಾಶವಾಗುವ ಬಗೆ

ದಾಖಲೆಗಳು ಹೆಚ್ಚಾಗಿ ಕಳೆದುಹೋಗುವುದು ಸ್ಥಳಾಂತರದ ಸಂದರ್ಭದಲ್ಲಿ. ಕಲಾವಿದರ ನಿಧನದ ನಂತರ ಮನೆ ಖಾಲಿ ಮಾಡುವಾಗ, ಗ್ಯಾಲರಿ ಬಾಡಿಗೆ ಕಟ್ಟಡವನ್ನು ಬಿಡುವಾಗ ಚಿತ್ರಗಳನ್ನು ಜೋಪಾನವಾಗಿ ಸಾಗಿಸಿ, ಕಡತಗಳನ್ನು ರದ್ದಿಗೆ ಹಾಕುವುದುಂಟು. ಕ್ಯಾಟಲಾಗ್‌ಗಳಲ್ಲಿ ಕೆಲವು ಹಳೆಯ ಪುಸ್ತಕದ ಅಂಗಡಿಗಳನ್ನು ಸೇರುತ್ತವೆ. 1945ರಲ್ಲಿ ಆರಂಭವಾದ, ಬ್ರಿಗೇಡ್ ರಸ್ತೆಯ ಅಡ್ಡರಸ್ತೆಯಲ್ಲಿರುವ ಸೆಲೆಕ್ಟ್ ಬುಕ್ ಶಾಪ್‌ನಂತಹ ಅಂಗಡಿಗಳು ದಂಡು ಪ್ರದೇಶದಲ್ಲಿ ಅಪರೂಪದ ಮುದ್ರಿತ ಸಾಮಗ್ರಿಗೆ ಹೆಸರಾಗಿವೆ. ಒಂದೇ ಪ್ರತಿ ಇರುವ ಲೆಕ್ಕಪುಸ್ತಕ ಮತ್ತು ಪತ್ರಗಳಿಗೆ ಅಂತಹ ಎರಡನೆಯ ಅವಕಾಶ ವಿರಳ.

ಭೌತಿಕ ಕಾರಣಗಳಲ್ಲಿ ಗೆದ್ದಲು, ಬೂಷ್ಟು, ಮಳೆಗಾಲದ ಸೋರಿಕೆ ಮತ್ತು ತುಕ್ಕು ಮುಖ್ಯವಾದವು. ಅಗ್ಗದ ಕಾಗದದಲ್ಲಿನ ಆಮ್ಲವು ಅದನ್ನು ಹಳದಿಯಾಗಿಸಿ ಪುಡಿಪುಡಿಯಾಗುವಂತೆ ಮಾಡುತ್ತದೆ. ಫ್ಯಾಕ್ಸ್ ಮತ್ತು ಬಿಲ್ಲು ಯಂತ್ರಗಳ ಶಾಖಸಂವೇದಿ ಕಾಗದದ ಮೇಲಿನ ಅಕ್ಷರಗಳು ಕೆಲವೇ ವರ್ಷಗಳಲ್ಲಿ ಮಾಸುತ್ತವೆ. ಬಣ್ಣದ ಸ್ಲೈಡುಗಳ ವರ್ಣಗಳು ಕುಂದುತ್ತವೆ. ಅಸಿಟೇಟ್ ಫಿಲ್ಮುಗಳು ಕೊಳೆಯತೊಡಗಿದಾಗ ವಿನೆಗರಿನ ವಾಸನೆ ಬರುತ್ತದೆ.

ಗಣಕೀಯ ದಾಖಲೆಗಳ ಆಯುಷ್ಯ ಇನ್ನೂ ಕಡಿಮೆ. 2000ರ ನಂತರ ಆರಂಭವಾದ ಗ್ಯಾಲರಿಗಳ ಆಹ್ವಾನ, ಬೆಲೆಪಟ್ಟಿ ಮತ್ತು ಪತ್ರವ್ಯವಹಾರದ ಬಹುಭಾಗ ಮಿಂಚಂಚೆಯಲ್ಲಿದೆ. ನವೀಕರಿಸದ ಜಾಲತಾಣ, ಕೆಟ್ಟ ಹಾರ್ಡ್ ಡಿಸ್ಕ್, ಗುಪ್ತಪದ ಮರೆತ ಖಾತೆ ಇವು ಒಂದು ದಶಕದ ಚಟುವಟಿಕೆಯನ್ನು ಸದ್ದಿಲ್ಲದೆ ಅಳಿಸಬಲ್ಲವು.

## ಸಂರಕ್ಷಣೆಯ ವಿಧಾನ

ಪತ್ರಾಗಾರ ಶಾಸ್ತ್ರದ ಎರಡು ಮೂಲ ತತ್ತ್ವಗಳು ಕಲಾ ದಾಖಲೆಗಳಿಗೂ ಅನ್ವಯಿಸುತ್ತವೆ. ಒಬ್ಬ ವ್ಯಕ್ತಿ ಅಥವಾ ಸಂಸ್ಥೆಯ ದಾಖಲೆಗಳನ್ನು ಇನ್ನೊಬ್ಬರ ದಾಖಲೆಗಳೊಂದಿಗೆ ಬೆರೆಸಬಾರದು ಎಂಬುದು ಮೊದಲನೆಯದು. ಅವರು ಇಟ್ಟುಕೊಂಡಿದ್ದ ಕ್ರಮವನ್ನು ಸಾಧ್ಯವಾದಷ್ಟು ಹಾಗೆಯೇ ಉಳಿಸಬೇಕು ಎಂಬುದು ಎರಡನೆಯದು. ಪ್ರದರ್ಶನವಾರು ಜೋಡಿಸಿದ ಕಡತವನ್ನು ಒಡೆದು ಪತ್ರಗಳನ್ನು ಒಂದೆಡೆ, ಚಿತ್ರಗಳನ್ನು ಇನ್ನೊಂದೆಡೆ ಇಟ್ಟರೆ ಅವುಗಳ ಪರಸ್ಪರ ಸಂಬಂಧ ಕಾಣದಾಗುತ್ತದೆ.

ಕಾರ್ಯದ ಸಾಮಾನ್ಯ ಹಂತಗಳು ಹೀಗಿವೆ:

1. ಸಮೀಕ್ಷೆ: ದಾಖಲೆಗಳನ್ನು ಅಲುಗಿಸುವ ಮೊದಲು ಕಪಾಟು ಮತ್ತು ಪೆಟ್ಟಿಗೆಗಳು ಇರುವ ಸ್ಥಿತಿಯ ಚಿತ್ರ ತೆಗೆದು, ಪ್ರತಿಯೊಂದಕ್ಕೂ ಸಂಖ್ಯೆ ನೀಡಲಾಗುತ್ತದೆ.
2. ಶುಚಿಗೊಳಿಸುವಿಕೆ: ಮೃದು ಕುಂಚದಿಂದ ಧೂಳು ತೆಗೆದು, ತುಕ್ಕು ಹಿಡಿದ ಪಿನ್ನು ಹಾಗೂ ರಬ್ಬರ್ ಬ್ಯಾಂಡುಗಳನ್ನು ಬೇರ್ಪಡಿಸಲಾಗುತ್ತದೆ. ಬೂಷ್ಟು ಹಿಡಿದ ಕಾಗದಗಳನ್ನು ಪ್ರತ್ಯೇಕವಾಗಿ ಇಡಲಾಗುತ್ತದೆ. ಅಂಟುವ ಪ್ಲಾಸ್ಟಿಕ್ ಟೇಪಿನಿಂದ ಹರಿದ ಕಾಗದವನ್ನು ಜೋಡಿಸುವುದು ಹಾನಿಕರ.
3. ಶೇಖರಣೆ: ಆಮ್ಲರಹಿತ ಲಕೋಟೆ ಮತ್ತು ಪೆಟ್ಟಿಗೆಗಳಲ್ಲಿ ಇರಿಸಿ, ನೆಲದಿಂದ ಮೇಲೆ, ಹೊರಗೋಡೆಯಿಂದ ದೂರ, ನೇರ ಬಿಸಿಲು ಬೀಳದಂತೆ ಇಡಲಾಗುತ್ತದೆ. ತಾಪಮಾನ ಮತ್ತು ತೇವಾಂಶ ಹಠಾತ್ತಾಗಿ ಏರಿಳಿಯದಂತೆ ನೋಡಿಕೊಳ್ಳುವುದು ಮುಖ್ಯ.
4. ಪಟ್ಟಿ: ಸೃಷ್ಟಿಸಿದವರು, ಅವಧಿ, ಪ್ರಮಾಣ, ಭಾಷೆ ಮತ್ತು ವಿಷಯವನ್ನು ನಮೂದಿಸಿದ ವಿವರಪಟ್ಟಿ ಸಿದ್ಧಪಡಿಸಲಾಗುತ್ತದೆ. ಹೆಸರುಗಳನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ನೀಡಿದರೆ ಹುಡುಕಾಟ ಸುಲಭವಾಗುತ್ತದೆ.
5. ಗಣಕೀಕರಣ: ಕಾಗದಗಳನ್ನು ಸ್ಕ್ಯಾನ್ ಮಾಡಿ, ಕುಗ್ಗಿಸದ ಮೂಲ ಕಡತವನ್ನೂ ಬಳಕೆಯ ಪ್ರತಿಯನ್ನೂ ಬೇರೆಬೇರೆಯಾಗಿ ಇಡಲಾಗುತ್ತದೆ. ಮೂರು ಪ್ರತಿಗಳನ್ನು ಎರಡು ಬಗೆಯ ಮಾಧ್ಯಮಗಳಲ್ಲಿಟ್ಟು, ಒಂದನ್ನು ಬೇರೆ ಸ್ಥಳದಲ್ಲಿರಿಸುವುದು ರೂಢಿ. ಸ್ಕ್ಯಾನ್ ಆದ ಮೇಲೆ ಮೂಲ ಕಾಗದವನ್ನು ಎಸೆಯುವುದಿಲ್ಲ.
6. ಮೌಖಿಕ ಇತಿಹಾಸ: ಕಲಾವಿದರು, ಗ್ಯಾಲರಿ ನಡೆಸಿದವರು, ಚೌಕಟ್ಟು ಕಟ್ಟುವವರು ಮತ್ತು ಸಹಾಯಕರ ಮಾತುಗಳನ್ನು ಧ್ವನಿಮುದ್ರಿಸಲಾಗುತ್ತದೆ. ಹೆಸರು ಬರೆಯದ ಛಾಯಾಚಿತ್ರಗಳಲ್ಲಿರುವವರನ್ನು ಗುರುತಿಸಲು ಇದು ನೆರವಾಗುತ್ತದೆ.
7. ಕರಾರು: ದಾಖಲೆಗಳನ್ನು ಸಂಸ್ಥೆಗೆ ಒಪ್ಪಿಸುವಾಗ ಒಡೆತನ, ಕೃತಿಸ್ವಾಮ್ಯ, ಸಾರ್ವಜನಿಕ ಬಳಕೆ ಮತ್ತು ಗೋಪ್ಯ ಅವಧಿಯನ್ನು ದಾನಪತ್ರದಲ್ಲಿ ಸ್ಪಷ್ಟಪಡಿಸಲಾಗುತ್ತದೆ.

ವ್ಯಾಪಾರಿಗಳು ದಾಖಲೆಗಳನ್ನು ಬಿಟ್ಟುಕೊಡಲು ಹಿಂಜರಿಯುವುದಕ್ಕೆ ಗ್ರಾಹಕರ ಗೋಪ್ಯತೆ ಮತ್ತು ಬೆಲೆಯ ಗುಟ್ಟು ಮುಖ್ಯ ಕಾರಣಗಳು. ನಿಗದಿತ ವರ್ಷಗಳವರೆಗೆ ಕಡತಗಳನ್ನು ಮುಚ್ಚಿಡುವ ಷರತ್ತು ಈ ಸಮಸ್ಯೆಗೆ ಸಾಮಾನ್ಯ ಪರಿಹಾರ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ 2019ರಲ್ಲಿ ಆರಂಭವಾದ ವಿಜ್ಞಾನ ಪತ್ರಾಗಾರವು, ವ್ಯಕ್ತಿಗಳ ಖಾಸಗಿ ಕಾಗದಪತ್ರಗಳನ್ನು ಸಾರ್ವಜನಿಕ ಅಧ್ಯಯನಕ್ಕೆ ತೆರೆಯುವ ಸ್ಥಳೀಯ ಮಾದರಿಯೊಂದನ್ನು ಒದಗಿಸಿದೆ.

## ಇತರೆಡೆಯ ಮಾದರಿಗಳು

ಅಮೆರಿಕದ 'ಆರ್ಕೈವ್ಸ್ ಆಫ್ ಅಮೆರಿಕನ್ ಆರ್ಟ್' 1954ರಲ್ಲಿ ಡೆಟ್ರಾಯಿಟ್‌ನಲ್ಲಿ ಆರಂಭವಾಗಿ 1970ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯನ್ನು ಸೇರಿತು. ನ್ಯೂಯಾರ್ಕಿನ ಲಿಯೋ ಕ್ಯಾಸ್ಟೆಲಿ ಗ್ಯಾಲರಿಯ ದಾಖಲೆಗಳು 2007ರಲ್ಲಿ ಅದಕ್ಕೆ ಬಂದವು. ಜರ್ಮನಿಯಲ್ಲಿ 1992ರಲ್ಲಿ ಸ್ಥಾಪನೆಯಾಗಿ ಈಗ ಕಲೋನ್ ನಗರದಲ್ಲಿರುವ 'ಝಾಡಿಕ್' ಕಲಾ ವ್ಯಾಪಾರಿಗಳ ದಾಖಲೆಗಳಿಗೆಂದೇ ಮೀಸಲಾದ ಪತ್ರಾಗಾರವಾಗಿದೆ.

ಏಷ್ಯಾದಲ್ಲಿ, 2000ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಆರಂಭವಾದ 'ಏಷ್ಯಾ ಆರ್ಟ್ ಆರ್ಕೈವ್' ಗೀತಾ ಕಪೂರ್ ಮತ್ತು ವಿವಾನ್ ಸುಂದರಂ ಅವರ ಸಂಗ್ರಹವನ್ನೂ, ಜ್ಯೋತಿ ಭಟ್, ಕೆ. ಜಿ. ಸುಬ್ರಮಣ್ಯನ್, ಗುಲಾಮ್ ಮೊಹಮ್ಮದ್ ಶೇಖ್ ಮತ್ತು ರತನ್ ಪಾರಿಮೂ ಅವರ ಬರೋಡ ದಾಖಲೆಗಳನ್ನೂ ಗಣಕೀಕರಿಸಿದೆ. ಇಲ್ಲಿ ಮೂಲ ಕಾಗದಗಳನ್ನು ಸ್ಥಳಾಂತರಿಸದೆ ಪ್ರತಿಗಳನ್ನು ಮಾತ್ರ ಸಾರ್ವಜನಿಕಗೊಳಿಸುವ ಕ್ರಮವನ್ನು ಅನುಸರಿಸಲಾಗಿದೆ. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳ ಕಲಾ ಬರಹಗಳ ಗ್ರಂಥಸೂಚಿಯನ್ನೂ ಈ ಸಂಸ್ಥೆ ಸಿದ್ಧಪಡಿಸಿದೆ.

## ಮಹತ್ವ

ನೈಜತೆಯ ಪರಿಶೀಲನೆ: ನಕಲಿ ಕೃತಿಯನ್ನು ಪತ್ತೆಹಚ್ಚಲು ಶೈಲಿಯ ಪರೀಕ್ಷೆ ಮತ್ತು ಬಣ್ಣದ ರಾಸಾಯನಿಕ ಪರೀಕ್ಷೆಯೊಂದಿಗೆ ಒಡೆತನದ ಸರಪಳಿಯ ಪರಿಶೀಲನೆಯೂ ಅಗತ್ಯ. 1846ರಲ್ಲಿ ಸ್ಥಾಪನೆಯಾದ ನ್ಯೂಯಾರ್ಕಿನ ನೋಡ್ಲರ್ ಗ್ಯಾಲರಿ ನಕಲಿ ಕೃತಿಗಳ ವಿವಾದದ ನಡುವೆ 2011ರಲ್ಲಿ ಮುಚ್ಚಿತು. ಅಲ್ಲಿ ಮಾರಾಟವಾದ ನಕಲಿ ಚಿತ್ರಗಳಿಗೆ ನಂಬಲರ್ಹವಾದ ಹಿಂದಿನ ಒಡೆತನದ ದಾಖಲೆಗಳಿರಲಿಲ್ಲ. ಅದೇ ಗ್ಯಾಲರಿಯ ಹಳೆಯ ದಾಸ್ತಾನು ಪುಸ್ತಕಗಳನ್ನು 2012ರಲ್ಲಿ ಗೆಟ್ಟಿ ಸಂಶೋಧನಾ ಸಂಸ್ಥೆ ಪಡೆದುಕೊಂಡಿತು. ಇಂದು ಅವು ಹಲವು ವಸ್ತುಸಂಗ್ರಹಾಲಯಗಳ ಕೃತಿಗಳ ಇತಿಹಾಸವನ್ನು ತಿಳಿಯಲು ಬಳಕೆಯಾಗುತ್ತಿವೆ. ಭಾರತದಲ್ಲಿ, 2011ರಲ್ಲಿ ಕೋಲ್ಕತ್ತದ ಸರ್ಕಾರಿ ಕಲಾ ಕಾಲೇಜಿನಲ್ಲಿ ರವೀಂದ್ರನಾಥ ಠಾಕೂರರವೆಂದು ಪ್ರದರ್ಶಿಸಲಾದ ಚಿತ್ರಗಳು ನಕಲಿಯೆಂಬ ವಿವಾದವು ಇದೇ ಪ್ರಶ್ನೆಯನ್ನು ಮುಂದಿಟ್ಟಿತು.

ಕಲಾವಿದರ ಹಕ್ಕು: ಮರುಮಾರಾಟದ ಪಾಲು, ಕೃತಿಯ ಪುನರ್ಮುದ್ರಣದ ಸಂಭಾವನೆ ಮತ್ತು ಕೃತಿಯ ಕರ್ತೃತ್ವವನ್ನು ಸ್ಥಾಪಿಸಿಕೊಳ್ಳುವ ಹಕ್ಕು ಇವೆಲ್ಲಕ್ಕೂ ದಾಖಲೆಯೇ ಆಧಾರ.

ಇತಿಹಾಸದ ಸಮತೋಲನ: ದಾಖಲೆಗಳು ಉಳಿದ ಕಲಾವಿದರ ಬಗ್ಗೆಯೇ ಪುಸ್ತಕಗಳು, ಪ್ರಬಂಧಗಳು ಮತ್ತು ಪ್ರದರ್ಶನಗಳು ರೂಪುಗೊಳ್ಳುತ್ತವೆ. ಭಾರತದ ಆಧುನಿಕ ಕಲೆಯ ಕುರಿತ ಬರವಣಿಗೆಯಲ್ಲಿ ಕೋಲ್ಕತ್ತ, ಮುಂಬಯಿ, ದೆಹಲಿ ಮತ್ತು ಬರೋಡಗಳಿಗೆ ದೊರೆತ ಸ್ಥಾನಕ್ಕೆ ಅಲ್ಲಿನ ಸಂಸ್ಥೆಗಳ ಮತ್ತು ಬರಹಗಾರರ ಸಂಗ್ರಹಗಳೂ ಕಾರಣವಾಗಿವೆ. ಬೆಂಗಳೂರಿನ ಸಣ್ಣ ಗ್ಯಾಲರಿಗಳು, ಸಂಜೆ ತರಗತಿಗಳಲ್ಲಿ ಕಲಿತವರು, ದಂಡು ಪ್ರದೇಶದ ಹವ್ಯಾಸಿಗಳು ಹಾಗೂ ಕನ್ನಡ ಕಲಾ ವಿಮರ್ಶಕರು ಈ ಇತಿಹಾಸದಲ್ಲಿ ಎಷ್ಟು ಸ್ಥಾನ ಪಡೆಯುತ್ತಾರೆ ಎಂಬುದು ಅವರ ಕಾಗದಪತ್ರಗಳ ಉಳಿವನ್ನು ಅವಲಂಬಿಸಿದೆ.

## ಇವನ್ನೂ ನೋಡಿ

- ಕೆ. ವೆಂಕಟಪ್ಪ
- ಕರ್ನಾಟಕ ಚಿತ್ರಕಲಾ ಪರಿಷತ್ತು
- ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಬೆಂಗಳೂರು
- ಕರ್ನಾಟಕ ಲಲಿತಕಲಾ ಅಕಾಡೆಮಿ
- ಬೆಂಗಳೂರು ದಂಡು ಪ್ರದೇಶ
- ಪತ್ರಾಗಾರ